ಆರದ ಬಿಲ್ಲೆಗಳು

ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯಿಂದ ಗಾಜಿನ ತಟ್ಟೆ ತೆಗೆದ ಸಂಶೋಧನಾ ವಿದ್ಯಾರ್ಥಿನಿ ಅದನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿದು ನೋಡಿದಳು. ರೋಗಾಣು ಬೆಳೆಸಿದ ಆ ತಟ್ಟೆಯಲ್ಲಿ ಎರಡು ಕಾಗದದ ಬಿಲ್ಲೆಗಳಿದ್ದವು. ಒಂದನ್ನು ಅದ್ದಿದ್ದು ಹುಣ್ಣಿಗೆ ಮದ್ದಾದೀತೆಂದು ಪರೀಕ್ಷಿಸುತ್ತಿದ್ದ ಸೊಪ್ಪಿನ ಸಾರದಲ್ಲಿ, ಇನ್ನೊಂದನ್ನು ಸಾರ ಇಳಿಸಲು ಬಳಸುವ ಬರೀ ಆಲ್ಕೋಹಾಲಿನಲ್ಲಿ. ಎರಡರ ಸುತ್ತಲೂ ರೋಗಾಣು ಸತ್ತು, ಒಂದೇ ಅಳತೆಯ ತಿಳಿ ಉಂಗುರ ಮೂಡಿತ್ತು. ಪಕ್ಕದ ತಟ್ಟೆಯಲ್ಲಿ ಸಾರದ ಬಿಲ್ಲೆಯನ್ನೇ ಚೆನ್ನಾಗಿ ಒಣಗಿಸಿ ಇಟ್ಟಿದ್ದಳು. ಅಲ್ಲಿ ಉಂಗುರವೇ ಇರಲಿಲ್ಲ.

ಅಂದರೆ ಒಂದು ವರ್ಷದಿಂದ ಕೊಲ್ಲುತ್ತಿದ್ದದ್ದು ಸೊಪ್ಪಲ್ಲ, ಬಿಲ್ಲೆಯಲ್ಲಿ ಆರದೆ ಉಳಿದ ಆಲ್ಕೋಹಾಲು. ಒಣಗಲು ಬಿಡಬೇಕಾದಷ್ಟು ಹೊತ್ತು ಬಿಡುವ ವ್ಯವಧಾನ ಇಲ್ಲಿನ ಮುಖ್ಯಸ್ಥರಿಗೆ ಎಲ್ಲಿಂದ ಬರಬೇಕು? ಬೆನ್ನ ಹಿಂದೆ ಎಲ್ಲರೂ ಕರೆಯುವುದೇ ಗಡಿಬಿಡಿ ಸರ್ ಎಂದು. "ಹತ್ತು ನಿಮಿಷ ಸಾಕಮ್ಮಾ" ಅಂದಿದ್ದರು. ಇವಳೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದಳು. ಹೋಲಿಕೆಗೆ ಇಷ್ಟು ದಿನ ನೀರಿನಲ್ಲಿ ಅದ್ದಿದ ಬಿಲ್ಲೆ ಇಡುತ್ತಿದ್ದುದರಿಂದ ಯಾರಿಗೂ ಸುಳಿವು ಸಿಕ್ಕಿರಲಿಲ್ಲ.

ಸಂಶೋಧನೆ ಮಣ್ಣುಪಾಲಾದರೆ ಆಗಲಿ. ಆದರೆ ಅಮ್ಮ! ಸಕ್ಕರೆ ಕಾಯಿಲೆಯ ಅಮ್ಮನಿಗೆ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಹೋದ ತಿಂಗಳು ಇವಳು ಹಿರಿಹಿರಿ ಹಿಗ್ಗಿ ಉಂಗುರದ ಫೋಟೊ ತೋರಿಸಿದ್ದೇ ತಡ, ಅಮ್ಮ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಮೂಲೆಗೆಸೆದು ಅದೇ ಸೊಪ್ಪು ಅರೆದು ಕಟ್ಟತೊಡಗಿದ್ದಳು. ಈಗ ಹುಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಕೊಳೆತ ವಾಸನೆ. ಹೀಗೇ ಬಿಟ್ಟರೆ ಕಾಲು ತೆಗೆಯಬೇಕಾಗುತ್ತದೆಂದು ಡಾಕ್ಟರು ಮೊನ್ನೆ ಫೋನಿನಲ್ಲೇ ಗದರಿದ್ದರು.

ಮಧ್ಯಾಹ್ನವೇ ಮನೆಗೆ ಓಡಿಬಂದು, ಹೊಸ ಫೋಟೊವನ್ನು ಅಮ್ಮನ ಕಣ್ಣ ಮುಂದೆ ಹಿಡಿದಳು.

"ಅಮ್ಮಾ, ಇದು ಬರೀ ಆಲ್ಕೋಹಾಲ್ ಹಾಕಿದ್ದು. ಇದೂ ಅಷ್ಟೇ ಕೊಂದಿದೆ ನೋಡು. ಸೊಪ್ಪಲ್ಲಿ ಏನೂ ಇಲ್ಲ, ತಪ್ಪು ನಂದು."

ಅಮ್ಮ ಕನ್ನಡಕ ಏರಿಸಿಕೊಂಡಳು. "ಎರಡೂ ಕೊಂದಿದೆಯಲ್ಲೇ, ಇನ್ನೇನು ಬೇಕು ನಿಂಗೆ?"

"ಅಯ್ಯೋ, ಹಾಗಲ್ಲಮ್ಮಾ!"

"ಆ ಡಾಕ್ಟರು ನಿನ್ನ ಕಿವಿ ಊದಿರ್ಬೇಕು. ನಿಮ್ಮ ಸರ್ ಹೇಳ್ಲಿ, ಆಗ ನಂಬ್ತೀನಿ. ಅವ್ರು ನಿನಗಿಂತ ಓದಿರೋರು."

ತಾನೇ ಬಾಯಿಬಿಟ್ಟು ತಂದುಕೊಂಡ ಇಕ್ಕಟ್ಟು, ಯಾರನ್ನು ಬೈಯುವುದು? ಸರ್‌ಗೆ ಫೋನ್ ಮಾಡಿದಳು. ಅಮ್ಮನಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದಳು.

"ಸರ್, ಬಿಲ್ಲೆ ಒಣಗಿರ್ಲಿಲ್ಲ. ನಮ್ಮ ಸೊಪ್ಪಿಗೆ ರೋಗಾಣು ಸಾಯಲ್ಲ. ನಮ್ಮಮ್ಮ ಅದನ್ನೇ ಕಾಲಿಗೆ..."

ಗಡಿಬಿಡಿ ಸರ್ ಪೂರ್ತಿ ಕೇಳಿಸಿಕೊಂಡರೆ ತಾನೇ! "ಯಾರಮ್ಮ ಹಾಗಂದಿದ್ದು? ವರದಿ ಆಗ್ಲೇ ಕಳಿಸಿ ಆಯ್ತು. ಸೊಪ್ಪು ಕೊಲ್ಲುತ್ತೆ, ನೂರಕ್ಕೆ ನೂರು. ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದು ಫೋನ್ ಇಟ್ಟೇಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

"ಕೇಳಿದ್ಯಾ?" ಅಮ್ಮ ಗೆದ್ದವಳಂತೆ ನಕ್ಕಳು. ಕುಂಟುತ್ತಾ ಒಳಗೆ ಹೋಗಿ, ಅರೆದ ಸೊಪ್ಪಿನ ಬಟ್ಟಲು ತಂದು ಮಗಳ ಮುಂದಿಟ್ಟು, ಕಾಲು ಚಾಚಿ ಕೂತಳು.

"ನಂಗೆ ಬಗ್ಗೋಕಾಗ್ತಿಲ್ಲ ಕಣೇ. ಇವತ್ತು ನೀನೇ ಕಟ್ಟು."