ಅಧಿಕಾರಿ ಕುಡಿಯದ ಕಾಫಿ

ಕೂಲಿ ಹೆಂಗಸರನ್ನು ತುಂಬಿಕೊಂಡು ಆಲೂಗಡ್ಡೆ ಹೊಲಕ್ಕೆ ಹೊರಟಿದ್ದ ಟ್ರಕ್ಕಿನ ಪಕ್ಕ ಕಾರೊಂದು ಸ್ಫೋಟಿಸಿ ಮೂರು ದಿನವಾಗಿತ್ತು. ಯೂಫ್ರಟಿಸ್ ದಂಡೆಯ ಆ ಊರಲ್ಲಿ ಹನ್ನೊಂದು ಹೆಣಗಳು. ನದಿಯ ಆಚೆಯ ಬಂದೂಕಿನವರು ಈಚೆಯವರ ಕಡೆ ಬೆರಳು ತೋರಿಸಿದರು, ಈಚೆಯವರು ಆಚೆಯವರ ಕಡೆ.

ಫಿದ್ದಾಳ ದೊಡ್ಡ ಮಗಳು ಶಮ್ಸಾ ಸತ್ತಳು. ಚಿಕ್ಕವಳು ನೌಫಾ ಮರೆತ ರೊಟ್ಟಿಗಂಟು ತರಲು ಟ್ರಕ್ಕಿಳಿದು ಮನೆಗೆ ಓಡಿದ್ದರಿಂದ ಉಳಿದಳು. ಓಡುವಾಗ, ಕಾರು ನಿಲ್ಲಿಸಿ ಇಳಿದವನ ಮುಖ ಕಂಡಿದ್ದಳು. ಅದನ್ನು ಆಸ್ಪತ್ರೆಯ ಅಂಗಳದಲ್ಲಿ ಅಳುತ್ತ ಎಲ್ಲರೆದುರು ಹೇಳಿಯೂ ಬಿಟ್ಟಿದ್ದಳು.

ಹಾಗಾಗಿ ತನಿಖಾಧಿಕಾರಿ, ಸಾವಿಗೆ ಬಂದವರು ಕೂರಲೆಂದು ಮನೆಯೆದುರು ಹಾಕಿದ್ದ ಡೇರೆಗೇ ಬಂದ. ಕಹಿ ಕಾಫಿ ಕೊಟ್ಟರು. ಅವನು ಬಟ್ಟಲನ್ನು ತುಟಿಗೆ ತಾಗಿಸದೆ ನೆಲದ ಮೇಲಿಟ್ಟ. ಎಲ್ಲರೂ ಬಟ್ಟಲಿನ ಕಡೆ ನೋಡಿದರು. ಅಲ್ಲಿನ ರೂಢಿಯಲ್ಲಿ, ಬೇಡಲು ಬಂದವನು ಕಾಫಿ ಕುಡಿಯದೆ ಕೆಳಗಿಟ್ಟರೆ ಮನೆಯವನು ಇಲ್ಲ ಅನ್ನುವಂತಿಲ್ಲ.

"ಮುಸ್ಲಿತ್ ಅಣ್ಣ, ನಿನ್ನ ಮಗಳ ಹೇಳಿಕೆ ಬೇಕು. ಕೊಡ್ತೀನಿ ಅನ್ನು, ಕುಡೀತೀನಿ."

"ಹೋದ ವರ್ಷ ಸಂತೇಲಿ ಬಾಂಬಿಟ್ಟವರು ಸಿಕ್ಕಿದ್ರಾ ಸಾಹೇಬ್ರೇ?" ಮೂಲೆಯಿಂದ ಒಬ್ಬ ಮುದುಕ ಕೇಳಿದ.

"ಹುಡುಕ್ತಾ ಇದೀವಿ."

"ಸಾಕ್ಷಿ ಹೇಳಿದ ಹುಡುಗ ಬೇಗ ಸಿಕ್ಕಿದ ಬಿಡಿ. ಕಾಲುವೇಲಿ."

ಪರದೆಯ ಹಿಂದೆ ನಿಂತಿದ್ದ ಫಿದ್ದಾಳಿಗೆ ಗಂಡ ಮುಸ್ಲಿತನ ಬೆನ್ನು ಕಾಣುತ್ತಿತ್ತು. ಆ ಬೆನ್ನು ಅವಳಿಗೆ ಗೊತ್ತು. ಮಗಳು ಹೋದರೂ ಮರ್ಯಾದೆ ಬಿಡದ ಬೆನ್ನು. ಮುಸ್ಲಿತ್ ಒಪ್ಪಿಗೆ ಹೇಳಲು ಬಾಯಿ ತೆರೆದ.

ಫಿದ್ದಾ ಪರದೆ ಸರಿಸಿ ಒಳಗೆ ಬಂದಳು. ಗಂಡಸರ ಡೇರೆಯಲ್ಲಿ ಹೆಂಗಸು; ಅರ್ಧ ಜನ ತಲೆ ತಗ್ಗಿಸಿದರು. ಅವಳು ನೆಲದ ಮೇಲಿದ್ದ ಬಟ್ಟಲೆತ್ತಿ ತಾನೇ ಕುಡಿದುಬಿಟ್ಟಳು.

"ನಿಮ್ಮ ಬಟ್ಟಲು ಖಾಲಿ. ನನ್ನ ಮಗಳು ಯಾರನ್ನೂ ಕಂಡಿಲ್ಲ."

"ಹುಚ್ಚು ಹಿಡಿದಿದೆಯೇನೇ!" ಮುಸ್ಲಿತ್ ಎದ್ದ.

"ಹಿಡೀಲಿ ಬಿಡು."

"ತಾಯಿ," ಅಧಿಕಾರಿ ಮೆಲ್ಲಗೆ ಹೇಳಿದ, "ಬೇರೆ ಸಾಕ್ಷಿ ಇಲ್ಲ. ಅವನು ನಾಳೆ ನಿಮ್ಮ ಬೀದೀಲೇ ಓಡಾಡ್ತಾನೆ."

"ಓಡಾಡ್ಲಿ. ನೌಫಾನೂ ಓಡಾಡ್ಬೇಕು."

ಅಧಿಕಾರಿ ಕಾಗದದಲ್ಲಿ 'ಅಪರಿಚಿತರು' ಎಂದು ಬರೆದು ಮುಸ್ಲಿತನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಮುಸ್ಲಿತ್ ಹೆಂಡತಿಯ ಮುಖ ನೋಡಲಿಲ್ಲ.

ಹೆಂಗಸರ ಕಡೆ ನೌಫಾ ಕೂತಿದ್ದಳು. "ಅಕ್ಕನ್ನ ಕೊಂದವನನ್ನ ಬಿಟ್ಬಿಟ್ಯಲ್ಲಮ್ಮ. ನಂಗೆ ಅವನ ಮುಖ ಚೆನ್ನಾಗಿ ನೆನಪಿದೆ. ಅವನ ಎಡಗಣ್ಣಿನ ಕೆಳಗೆ..."

ಫಿದ್ದಾ ಅವಳ ಬಾಯಿ ಮುಚ್ಚಿದಳು. ಮುಂದಿನ ಮಾತು ಕೇಳಿದರೆ ತಾನೇ ಕತ್ತಿ ಹಿಡಿದು ಹುಡುಕಲು ಹೊರಡುತ್ತೇನೆಂದು ಅವಳಿಗೆ ಗೊತ್ತಿತ್ತು. ನೌಫಾ ಕೊಸರಾಡಿದಳು, ಅಂಗೈ ಕಚ್ಚಿದಳು. ರಕ್ತ ಬಂತು. ಫಿದ್ದಾ ಕೈ ತೆಗೆಯಲಿಲ್ಲ.