ಪ್ಯಾಕಿಂಗ್ ಬಾಗಿಲಾಚೆ

ನನ್ನ ತಂಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನಾವಿಬ್ಬರೂ ಒಂದೇ ಸೋಫಾ ಕಾರ್ಖಾನೆಯಲ್ಲಿದ್ದೇವೆ. ನಾನು ಮೇಲಿನ ಮಹಡಿಯಲ್ಲಿ ಗಿರಾಕಿಗಳ ಫೋನ್ ಕರೆಗಳಿಗೆ ಉತ್ತರಿಸುವವಳು. ಅವಳು ಕೆಳಗೆ ಹೊಲಿಗೆ ವಿಭಾಗದಿಂದ ಪ್ಯಾಕಿಂಗ್‌ವರೆಗೂ ಓಡಾಡುತ್ತ ಹೊಲಿಗೆ ಪರೀಕ್ಷಿಸುವವಳು. ಯಾರ ಜೊತೆ ಮಾತಾಡಬೇಕಾದರೂ ನನಗೆ ವಿಡಿಯೋ ಕಾಲ್ ಮಾಡುತ್ತಾಳೆ. ಅವಳ ಕೈಸನ್ನೆಯನ್ನು ನಾನು ಬಾಯಲ್ಲಿ ಹೇಳುತ್ತೇನೆ, ಅವರ ಮಾತನ್ನು ಕೈಯಲ್ಲಿ ತೋರಿಸುತ್ತೇನೆ. ಆ ತಗಡಿನ ಚಾವಣಿಯ ಕೆಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಎಲ್ಲ ವೈಫೈ ಮೇಲೆಯೇ.

ತೊಂದರೆಯಿದ್ದದ್ದು ಪ್ಯಾಕಿಂಗ್ ಬಾಗಿಲಲ್ಲಿ. ತಂಗಿ ಅದನ್ನು ದಾಟುತ್ತಿದ್ದಂತೆ ನಾನು ಅವಳ ಫೋನಿನ ಪರದೆಯಲ್ಲಿ ಕೈ ಎತ್ತಿಕೊಂಡು ಬೊಂಬೆಯ ಹಾಗೆ ನಿಂತುಬಿಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ತಂಗಿಯೂ. ಆದರೆ ಒಂದು ದಿನ "ಈ ಸೋಫಾಗಳನ್ನ ಕಳಿಸಬೇಡಿ" ಎಂದು ನಾನು ಹೇಳಿದ್ದು "ಕಳಿಸ" ಎನ್ನುವಲ್ಲಿಗೆ ನಿಂತುಹೋಯಿತು. "ಬೇಡಿ" ಪ್ಯಾಕಿಂಗ್‌ನವರಿಗೆ ಮುಟ್ಟಲೇ ಇಲ್ಲ. ಹೊಲಿಗೆ ಬಿಟ್ಟ ಸೋಫಾಗಳು ಲಾರಿ ಹತ್ತಿ ಹೊರಟುಹೋದವು.

"ಇನ್ಮೇಲೆ ನಿಮ್ಮ ತಂಗಿ ಒಂದೇ ಮೇಜಿನ ಹತ್ರ ಕೂತು ಕೆಲಸ ಮಾಡ್ಲಿ," ಅಂದರು ಸೂಪರ್‌ವೈಸರ್. ಓಡಾಡದಿದ್ದರೆ ತಂಗಿಗೆ ಉಸಿರು ಕಟ್ಟುತ್ತದೆ. ಅವಳ ಮುಖ ಸಪ್ಪಗಾಯಿತು.

ಆ ವಾರವೇ ವೈಫೈ ಸರಿಮಾಡುವ ನೆಟ್‌ವರ್ಕ್ ಮೇಡಂ ಬಂದರು. ವೈಫೈ ಸಿಗ್ನಲ್ ಸಾಲದು ಅಂತ ಎಲ್ಲರೂ ದೂರಿದರೆ ಅವರು, "ಫೋನಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿವೆಯಲ್ಲ! ನಡೀರಿ, ನಾನೂ ನಿಮ್ಮ ಜೊತೆ ಬರ್ತೀನಿ," ಅಂದರು. ಅಂದದ್ದು ಫೋನಿನಲ್ಲಿದ್ದ ನನಗಲ್ಲ, ತಂಗಿಯ ಮುಖ ನೋಡಿ. ಅಷ್ಟಕ್ಕೇ ನನ್ನ ಮನಸ್ಸು ತುಂಬಿಬಂತು.

ಬೆಳಿಗ್ಗೆಯೆಲ್ಲ ಇಬ್ಬರೂ ಆ ಬಾಗಿಲು ದಾಟಿದ್ದೇ ದಾಟಿದ್ದು. ಹೇಳಲು ಏನೂ ತೋಚದೆ ನಾನು ನಮ್ಮ ಸೋದರಮಾವನ ಗೊರಕೆಯ ಕಥೆಯನ್ನು ಸನ್ನೆಯಲ್ಲಿ ಶುರುಮಾಡಿದೆ. ಪ್ರತಿ ಸಲವೂ ಅದು ಅರ್ಧಕ್ಕೇ ನಿಲ್ಲುತ್ತಿತ್ತು.

ಕೊನೆಗೆ ಮೇಡಂ ಕನ್ನಡಕವನ್ನು ಹಣೆಗೇರಿಸಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದರು. "ಹೊಲಿಗೆ ಕಡೆಯ ವೈಫೈ ಡಬ್ಬಿ ವಿಪರೀತ ಜೋರಾಗಿ ಕೂಗ್ತಿದೆ. ಇಲ್ಲಿಗೂ ಕೇಳಿಸೋದ್ರಿಂದ ಫೋನು ಅದನ್ನೇ ಹಿಡ್ಕೊಂಡು ಕೂತಿದೆ, ತಲೆ ಮೇಲಿರೋ ಡಬ್ಬಿ ಕಡೆ ತಿರುಗ್ತಾನೇ ಇಲ್ಲ. ಆದ್ರೆ ಫೋನಿನ ಸಣ್ಣ ದನಿ ಅಷ್ಟು ದೂರ ವಾಪಸ್ ಮುಟ್ಟಲ್ಲ. ಆ ಹೊಲಿಗೆ ಕಡೆಯ ಡಬ್ಬಿಯ ಶಕ್ತಿ ಕಮ್ಮಿ ಮಾಡ್ಬೇಕು."

"ಸಾಲದು ಅಂತ ಕರೆಸಿದ್ರೆ ಇನ್ನೂ ಕಮ್ಮಿ ಮಾಡ್ತೀರಾ?" ಸೂಪರ್‌ವೈಸರ್ ಕಣ್ಣು ಕಣ್ಣು ಬಿಟ್ಟರು.

ಕಮ್ಮಿ ಮಾಡಿದರು. ಈಗ ಫೋನು ಸರಿಯಾದ ಡಬ್ಬಿಗೆ ಹೋಯಿತಾದರೂ ಚಿತ್ರ ಒಂದು ಕ್ಷಣ ತಡವರಿಸಿತು. "ನೀನ್ಯಾರು, ಎಲ್ಲಿಂದ ಬಂದೆ ಅಂತ ಹೊಸ ಡಬ್ಬಿ ಮೊದಲಿಂದ ವಿಚಾರಿಸ್ತಿದೆ," ಎಂದು ನಕ್ಕ ಮೇಡಂ, ಒಂದು ಡಬ್ಬಿಗೆ ಪರಿಚಯವಾದ ಫೋನನ್ನು ಉಳಿದವೂ ಗುರುತಿಸುವ ಹಾಗೆ ಮಾಡಿದರು. ಊಟವಾದ ಮೇಲೆ ತಂಗಿ ಮತ್ತೆ ಬಾಗಿಲು ದಾಟಿದಳು. ಮಾವನ ಗೊರಕೆ ಕೊನೆಯವರೆಗೂ ನಡೆಯಿತು. ಅವಳು ಬಿದ್ದು ಬಿದ್ದು ನಕ್ಕಳು.

"ನಾಳೆಯಿಂದ ಮೊದಲಿನ ಹಾಗೇ ಓಡಾಡಮ್ಮ," ಅಂದರು ಸೂಪರ್‌ವೈಸರ್, ಸ್ವಲ್ಪ ಮುಜುಗರದಿಂದ.

ನಾನು ಮೆಟ್ಟಿಲಿಳಿದು ಓಡಿದೆ. ತಂಗಿ ಮೇಡಂ ಎದುರು ನಿಂತು, ಕನ್ನಡಕವನ್ನು ಹಣೆಗೇರಿಸುವಂತೆ ಬೆರಳಾಡಿಸಿದಳು.

"ಏನಂದ್ರು?"

"ನಿಮಗೆ ಕೈಸನ್ನೆಯಲ್ಲಿ ಒಂದು ಹೆಸರಿಟ್ಟಳು ಮೇಡಂ. ತನ್ನವರು ಅನ್ನಿಸಿದವರಿಗೆ ಮಾತ್ರ ಇಡ್ತಾಳೆ."

ಮೇಡಂ ನಮ್ಮ ಜೊತೆ ಕೂತು ಚಹಾ ಕುಡಿಯುತ್ತ, ತಮ್ಮ ಹೆಸರನ್ನು ಕೈಯಲ್ಲಿ ಮಾಡಿ, ಸರಿಯಾಗಿದೆಯಾ ಎಂದು ತಂಗಿಯನ್ನೇ ಕೇಳಿದರು.