ಆರನೇ ವರ್ಷದ ಊತ

ಅಕ್ಕ ಬಟ್ಟೆ ಹೊಲಿಯುವವಳು, ತಂಗಿ ಪ್ರಯೋಗಾಲಯದಲ್ಲಿ ಜೆಲ್ ತಯಾರಿಸುವವಳು. ಅಕ್ಕನ ಎಡಗಣ್ಣಿನ ಒಳಪದರ ಕಿತ್ತುಬಂದಾಗ ಅದನ್ನು ಒತ್ತಿಹಿಡಿಯಲು ಡಾಕ್ಟರು ಕಣ್ಣುಗುಡ್ಡೆಯ ಸುತ್ತ ಹೊಲಿದ ಜೆಲ್ ಪಟ್ಟಿ ತಂಗಿಯ ಕೈಯಲ್ಲೇ ತಯಾರಾದದ್ದು. "ನನ್ನ ಕಣ್ಣಿಗೆ ಬೆಲ್ಟ್ ಹಾಕಿದ್ದು ನಮ್ಮ ಪುಟ್ಟಿ" ಎಂದು ಅಕ್ಕ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದಳು.

ಸಾಮಾನ್ಯ ಜೆಲ್ ನೀರು ಕುಡಿದು ಉಬ್ಬುತ್ತದೆ. ಅದಕ್ಕೇ ತಂಗಿ ಪಾಲಿಮರ್ ಎಳೆಗಳ ಬದಿಗೆ ನೀರನ್ನು ಕಂಡರಾಗದ, ಕವಲೊಡೆದ ಪುಟ್ಟ ಗುಂಪುಗಳನ್ನು ಕೂಡಿಸಿದ್ದಳು. ಅವು ಎಳೆಗಳನ್ನು ದೂರದೂರ ನಿಲ್ಲಿಸಿದರೂ ನಡುವಿನ ಜಾಗಕ್ಕೆ ನೀರನ್ನು ಬಿಡುತ್ತಿರಲಿಲ್ಲ. ಎರಡು ವರ್ಷ ಬಾಟಲಿಯ ಉಪ್ಪುನೀರಿನಲ್ಲಿಟ್ಟರೂ ಪಟ್ಟಿ ಕೂದಲೆಳೆಯಷ್ಟೂ ದಪ್ಪವಾಗಲಿಲ್ಲ. ಇಷ್ಟು ಪರೀಕ್ಷೆ ಸಾಕೆಂದು ಸಹಿ ಹಾಕಿದವಳೂ ಅವಳೇ.

ಆ ಪರೀಕ್ಷೆ ಶುರುವಾದ ಆರನೇ ವರ್ಷ ಕಪಾಟು ತೆರವು ಮಾಡುವಾಗ ಆ ಹಳೆಯ ಬಾಟಲಿ ಸಿಕ್ಕಿತು. ಒಳಗಿನ ಪಟ್ಟಿ ಹೆಬ್ಬೆರಳಿನಷ್ಟು ಉಬ್ಬಿತ್ತು. ಚಿಮಟದಿಂದ ಎತ್ತಿದರೆ ನೆನೆದ ಬ್ರೆಡ್ಡಿನಂತೆ ಹರಿದುಬಿತ್ತು. ಪರೀಕ್ಷಿಸಿದಳು. ಕವಲುಗಳು ಒಂದೊಂದಾಗಿ ಕಳಚಿದ್ದವು. ಕಳಚಿದಲ್ಲೆಲ್ಲ ನೀರನ್ನು ಸೆಳೆಯುವ ಆಮ್ಲ ಉಳಿದಿತ್ತು. ಅವು ಬಿಡಿಸಿಟ್ಟಿದ್ದ ಜಾಗವೆಲ್ಲ ನೀರಿನ ಪಾಲಾಗಿತ್ತು.

ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಕಣ್ಣು ಹೇಗಿದೆ?"

"ಸ್ವಲ್ಪ ಒತ್ತಿದ ಹಾಗಾಗುತ್ತೆ ಕಣೇ. ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀತೀನಿ."

"ಯಾವಾಗಿಂದ?"

"ನೀನು ಗಾಬರಿಯಾಗ್ತೀಯ ಅಂತ ಸುಮ್ನಿದ್ದೆ."

ಡಾಕ್ಟರು ಸ್ಕ್ಯಾನ್ ನೋಡಿ ಕನ್ನಡಕ ತೆಗೆದಿಟ್ಟರು. "ಪಟ್ಟಿ ಮೂರು ಪಟ್ಟು ಊದಿದೆ. ಬಿಟ್ರೆ ಗುಡ್ಡೇನ ಹಿಸುಕುತ್ತೆ. ತೆಗೆಯೋಕೆ ಹೋದ್ರೆ ಕೈಯಲ್ಲೇ ಪುಡಿಯಾಗುತ್ತೆ."

ಮೂರು ಗಂಟೆ ಚೂರುಚೂರಾಗಿ ಹೆಕ್ಕಿದರು. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ.

ತಂಗಿ ಹಾಸಿಗೆಯ ಪಕ್ಕ ಕುಳಿತು ಏನನ್ನೂ ಮುಚ್ಚಿಡದೆ ಹೇಳಿದಳು.

"ಕಳಚುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ ಅಕ್ಕ. ಇನ್ನೂ ನಾಲ್ಕು ವರ್ಷ ಕಾದಿದ್ರೆ ಗೊತ್ತಾಗ್ತಿತ್ತು."

"ಇನ್ನೆಷ್ಟು ಜನಕ್ಕೆ ಹಾಕಿದೀರಿ?"

"ನಲವತ್ತೊಂದು."

ಅಕ್ಕ ಗೋಡೆಯ ಕಡೆ ಹೊರಳಿದಳು. ತಂಗಿ ಬೆನ್ನು ಮುಟ್ಟಿದಾಗ ಕೈ ಸರಿಸಲಿಲ್ಲ, ತಿರುಗಲೂ ಇಲ್ಲ.

ಉಳಿದವರ ಪಟ್ಟಿಯನ್ನು ಊದುವ ಮೊದಲೇ ತೆಗೆದರೆ ಪದರ ಮತ್ತೆ ಕಿತ್ತುಬರಬಹುದು ಎಂದಿದ್ದರು ಡಾಕ್ಟರು. ಆದರೂ ಮರುದಿನ ಬೆಳಿಗ್ಗೆ ತಂಗಿ ಪಟ್ಟಿ ಹಾಕಿಸಿಕೊಂಡವರ ಹೆಸರುಗಳನ್ನು ಮುಂದಿಟ್ಟುಕೊಂಡು ಫೋನ್ ಮಾಡಲು ಕುಳಿತಳು. ಮೊದಲನೆಯವರು ಶಾಲೆಯ ಮೇಷ್ಟ್ರು, ಮೂರು ವರ್ಷದ ಹಿಂದೆ ಹಾಕಿಸಿಕೊಂಡವರು.

"ಕಣ್ಣಾ? ಫಸ್ಟ್ ಕ್ಲಾಸ್ ಆಗಿದೆಯಮ್ಮ! ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದರು ಅವರು. "ಏನು ವಿಷಯ?"

"ಮೇಷ್ಟ್ರೇ, ನಿಮ್ಮ ಕಣ್ಣಿನ ಪಟ್ಟಿ ವಿಷಯ," ಎಂದು ಅವಳು ಶುರುಮಾಡಿದಳು.